ಮೂವತ್ತು ಮೂವತ್ತು ಐವತ್ತೇಳು

ತಪ್ಪು ಮಾಡದ ಮನುಷ್ಯನಿಲ್ಲ ಎಂಬ ಮಾತು ನನ್ನನ್ನು ಬಿಟ್ಟು ಉಳಿದವರಿಗೆ ಹೇಳಿದ್ದೆಂದು ಬಹುಕಾಲ ನಂಬಿದ್ದೆ. ಹಾಸನದ ಒಂದು ಜಿಲ್ಲಾ ದಿನಪತ್ರಿಕೆಯಲ್ಲಿ ಮುಖ್ಯ ಉಪಸಂಪಾದಕನಾಗಿದ್ದವನಿಗೆ ಈ ಕಾಯಿಲೆ ಸಹಜ. ಊರಿನವರ ವಾಕ್ಯಗಳನ್ನು ತಿದ್ದಿ ತಿದ್ದಿ, ಹೆಂಡತಿ ಬರೆದ ದಿನಸಿ ಚೀಟಿಗೂ ಪೂರ್ಣವಿರಾಮ ಹಾಕುವ ಮಟ್ಟ ತಲುಪಿದ್ದೆ. ಸಂಪಾದಕರಿಗೆ ನಾನು ಗೌರವ ಕೊಡುತ್ತಿದ್ದೆ. ಹೆದರುತ್ತಿದ್ದುದು ಮಾತ್ರ ಕರಡು ತಿದ್ದುವ ರಂಗೇಗೌಡರಿಗೆ. ಅವರು ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಯವರು. ಹಿಂದೊಮ್ಮೆ ಶಾಂತಿಗ್ರಾಮದ ಬಳಿಯ ಬಸ್ ಅಪಘಾತದ ಸುದ್ದಿಗೆ ನಾನು 'ಏಳು ಜನರಿಗೆ ಗಾಯ' ಎಂದು ತಲೆಬರಹ ಕೊಟ್ಟು, ಒಳಗೆ ಆರೇ ಹೆಸರು ಬರೆದಿದ್ದೆ. "ಏಳ್ನೇವ್ನು ಎಲ್ಲೋದ ಸಾ?" ಎಂದರು. ಆಸ್ಪತ್ರೆಗೆ ಫೋನ್ ಮಾಡಿದರೆ, ಏಳನೆಯವನು ಪಟ್ಟಿ ಕಟ್ಟಿಸಿಕೊಂಡು ಊಟಕ್ಕೆ ಹೋಗಿದ್ದ. ಅಂದಿನಿಂದ ಕಚೇರಿಯಲ್ಲಿ ಒಂದು ಕಟ್ಟಳೆಯಾಯಿತು: ಅಂಕಿ ಇರುವ ಯಾವ ಕಾಗದವೂ, ಸುದ್ದಿಯಾಗಲಿ ನೋಟಿಸಾಗಲಿ, ರಂಗೇಗೌಡರು ಕೂಡಿ ನೋಡಿ ಸಹಿ ಹಾಕದೆ ಮುಂದೆ ಹೋಗುವಂತಿಲ್ಲ.

ಭಾನುವಾರದ ವಿಜ್ಞಾನ ಅಂಕಣ ನನ್ನ ಕೂಸು. ಎರಡು ಸಾವಿರದ ದಶಕ ಅರ್ಧ ದಾಟಿದ್ದ ಹೊತ್ತಿನಲ್ಲಿ ಸಂಪಾದಕರು ನನ್ನನ್ನು ಕರೆದು, "ಓದೋರಿಗೆ ಅರ್ಥ ಆಗ್ತಿಲ್ವಂತೆ ಕಣ್ರೀ. ಈ ವಾರವೂ ಹೀಗೇ ಆದ್ರೆ ಆ ಜಾಗಕ್ಕೆ ವಾರಭವಿಷ್ಯ," ಎಂದರು. ಕೂಸನ್ನು ಉಳಿಸಿಕೊಳ್ಳಲೇಬೇಕೆಂದು ಜೋಡಿ ಕಪ್ಪುರಂಧ್ರಗಳ ಬಗ್ಗೆ ಬರೆದೆ. ಬೆಳಕನ್ನೂ ಬಿಟ್ಟುಕೊಡದ ಅವು ಹೇಗೆ ಜೊತೆಯಾಗುತ್ತವೆ, ಕೋಟ್ಯಂತರ ವರ್ಷ ಒಂದನ್ನೊಂದು ಸುತ್ತಿ ಕೊನೆಗೆ ಹೇಗೆ ಒಂದಾಗುತ್ತವೆ ಎಂಬುದೇ ವಿಷಯ. ಶನಿವಾರ ಸಂಜೆ ಪುಟ ಅಚ್ಚಿಗೆ ಹೋಗಲು ಅರ್ಧ ಗಂಟೆ ಇರುವಾಗ ಕರಡು ನನ್ನ ಮೇಜಿಗೆ ಮರಳಿತು. ತಲಾ ಮೂವತ್ತು ಸೂರ್ಯರ ತೂಕದ ಎರಡು ರಂಧ್ರ ಸೇರಿದರೆ ಐವತ್ತೇಳು ಸೂರ್ಯರ ತೂಕದ ಒಂದು ರಂಧ್ರವಾಗುತ್ತದೆ ಎಂದಿದ್ದೆ. ಐವತ್ತೇಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಅರವತ್ತು ಮಾಡಲಾಗಿತ್ತು.

"ಅದು ಐವತ್ತೇಳೇ ರಂಗೇಗೌಡ್ರೇ," ಎಂದೆ.

"ಮೂವತ್ತೂ ಮೂವತ್ತೂ ಅರವತ್ತು ಸಾ. ನಮ್ಮೂರಲ್ಲೂ ಅಷ್ಟೆ, ಆಕಾಸದಲ್ಲೂ ಅಷ್ಟೆ."

ಕುರ್ಚಿ ಎಳೆದು ಕೂರಿಸಿ ಮೊದಲಿನಿಂದ ಹೇಳಿದೆ. ಕೆಲವು ಸಲ ಎರಡು ದೊಡ್ಡ ನಕ್ಷತ್ರಗಳು ಒಂದೇ ಮೋಡದಲ್ಲಿ ಜೊತೆಗೇ ಹುಟ್ಟಿ, ಒಂದರ ಹಿಂದೆ ಒಂದು ಉರಿದು ಕುಸಿದು ಕಪ್ಪಾದರೂ ಜೊತೆ ಬಿಡುವುದಿಲ್ಲ. ಇನ್ನು ಕೆಲವು ಬೇರೆ ಬೇರೆ ಹುಟ್ಟಿ, ನಕ್ಷತ್ರಗಳ ದಟ್ಟ ಗುಂಪಿನಲ್ಲಿ ಎದುರಾಗಿ, ನಡುವೆ ಬಂದ ಮೂರನೆಯದನ್ನು ಆಚೆ ಎಸೆದು ಜೋಡಿಯಾಗುತ್ತವೆ.

"ಅಂಗಾರೆ ಮೊದಲ್ನೇದು ಸೋದರಿಕೆ ಸಂಬಂಧ. ಎರಡ್ನೇದು ಮದುವೆ ಛತ್ರದಲ್ಲಿ ನೋಡಿ ಒಪ್ಕೊಂಡಿದ್ದು," ಎಂದರು ಗೌಡರು. "ಬ್ರೋಕರನ್ನ ಆಚೆಗೆ ದಬ್ಬುದ್ರಲ್ಲ, ಅದು ಸರಿಯಾಗೈತೆ. ಇದನ್ನೆಲ್ಲ ನೋಡ್ದೋರು ಯಾರು?"

"ಯಾರೂ ನೋಡಿಲ್ಲ. ಗಣಿತ ಹೇಳುತ್ತೆ."

"ಅಂಗಾರೆ 'ಎನ್ನಲಾಗಿದೆ' ಅಂತ ಆಕಿ ಸಾ."

ಹಾಕಿದೆ. ಇಪ್ಪತ್ತು ವರ್ಷದಿಂದ ಕಿರಿಯರಿಗೆ ನಾನೇ ಕಲಿಸಿದ ಪಾಠ ಅದು. ಆದರೆ ಐವತ್ತೇಳು ಹಾಗೇ ಉಳಿದಿತ್ತು. ಸುತ್ತುವಾಗ ಅವು ಆಕಾಶವನ್ನೇ ಅಲುಗಿಸುತ್ತವೆ, ಶಕ್ತಿ ಅಲೆಗಳಾಗಿ ಹೊರಟುಹೋಗುತ್ತದೆ, ಅದಕ್ಕೇ ಹತ್ತಿರವಾಗುತ್ತಾ, ವೇಗ ಏರುತ್ತಾ ಕೂಡುತ್ತವೆ ಎಂದೆ. ಗೌಡರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

"ಹಸಿ ಹೊಗೆಸೊಪ್ಪು ಬ್ಯಾರನ್ ಮನೇಲಿ ಬೆಂಕಿ ಕಾವಿಗೆ ಒಣಗಿಸುದ್ರೆ ತೂಕ ಇಳೀತದೆ. ನೀರು ಓಯ್ತದೆ. ನಿಮ್ಮ ಮೂರು ಸೂರ್ಯ ಅಂಗೇ ಅಲೆಯಾಗಿ ಓದ್ವಾ?"

"ಅಷ್ಟೇ."

"ಅಷ್ಟೇ ಅಂತ ನನಗಲ್ಲ ಸಾ, ಪೇಪರ್ನಲ್ಲಿ ಬರೀರಿ. ಓಗಿದ್ದು ಎಲ್ಲಿಗೆ ಅಂತ ಏಳ್ದೆ ಐವತ್ತೇಳು ಅಂದ್ರೆ, ಯಾರೋ ಮೂರು ನುಂಗವ್ರೆ ಅಂತಾರೆ ಜನ."

ನನ್ನ ಅಂಕಣ ಇಷ್ಟು ವರ್ಷ ಯಾರಿಗೂ ಏಕೆ ಅರ್ಥವಾಗಲಿಲ್ಲವೆಂಬುದು ಆ ಕ್ಷಣ ಹೊಳೆಯಿತು. ಪುಟದ ಎಲ್ಲೆಡೆ ನಾನು ಮೂರು ಮೂರು ನುಂಗುತ್ತಲೇ ಬಂದಿದ್ದೆ. ಹತ್ತು ನಿಮಿಷದಲ್ಲಿ ಪೂರ್ತಿ ತಿರುಗಿ ಬರೆದೆ: ಸೋದರಿಕೆ ಬಂತು, ಛತ್ರ ಬಂತು, ಹೊಗೆಸೊಪ್ಪು ಬಂತು. ರಂಗೇಗೌಡರು ಐವತ್ತೇಳಕ್ಕೆ ಮೂರು ಕೂಡಿ, ತಲೆಯಾಡಿಸಿ ಸಹಿ ಹಾಕಿದರು.

ಆ ವಾರ ಬಂದಷ್ಟು ಪತ್ರ ನನ್ನ ಅಂಕಣಕ್ಕೆ ಎಂದೂ ಬಂದಿರಲಿಲ್ಲ. ಚನ್ನರಾಯಪಟ್ಟಣದ ಮೇಷ್ಟರೊಬ್ಬರು ತರಗತಿಯಲ್ಲಿ ಎರಡು ಸಲ ಓದಿಸಿದ್ದರು. ಹೊಳೆನರಸೀಪುರದ ಅಜ್ಜಿಯೊಬ್ಬರು, ಸೋದರಿಕೆಯೇ ಬಾಳಿಕೆ ಬರುವುದೆಂದು ಈಗಲಾದರೂ ವಿಜ್ಞಾನಿಗಳು ಒಪ್ಪಿದರಲ್ಲ ಎಂದು ಮೊಮ್ಮಗಳ ಕೈಲಿ ಬರೆಸಿದ್ದರು. ಸಂಪಾದಕರು ವಾರಭವಿಷ್ಯದ ಜೋಯಿಸರಿಗೆ ಜಾಗವಿಲ್ಲವೆಂದು ನನ್ನೆದುರಿಗೇ ಫೋನಿನಲ್ಲಿ ಹೇಳಿದರು. ನಾನು ಎರಡು ದಿನ ಕಚೇರಿಯಲ್ಲಿ ನೆಲಕ್ಕೆ ಕಾಲು ತಾಗಿಸದೆ ಓಡಾಡಿದೆ.

ಅದೇ ಹುರುಪಿನಲ್ಲಿ, ಹೆಂಡತಿಯ ತವರು ಅರಕಲಗೂಡಿಗೆ ಹೋಗಿಬರೋಣವೆಂದು ರಜೆಯ ಅರ್ಜಿ ಬರೆದೆ. ಹತ್ತನೇ ತಾರೀಖಿನಿಂದ ಹದಿನೈದರವರೆಗೆ, ಒಟ್ಟು ಏಳು ದಿನ. ಅರ್ಜಿಯಲ್ಲಿ ಅಂಕಿ ಇತ್ತಲ್ಲ, ಕಟ್ಟಳೆಯಂತೆ ಮೊದಲು ರಂಗೇಗೌಡರ ಮೇಜಿಗೆ ಹೋಯಿತು. ಮಧ್ಯಾಹ್ನ ಅವರೇ ಅದನ್ನು ಹಿಡಿದು ಬಂದರು. ಮುಖದಲ್ಲಿ ನಗುವಿರಲಿಲ್ಲ.

"ಆರೇ ಆಯ್ತದೆ. ಇನ್ನೊಂದಿನ ಅಲೆಯಾಗಿ ಓಯ್ತಾ ಸಾ?"

'ಎನ್ನಲಾಗಿದೆ' ಎಂದು ಸೇರಿಸಿದರೆ ನಡೆದೀತೇ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಅವರದೇ ಕೆಂಪು ಪೆನ್ನು ಈಸಿಕೊಂಡು ಏಳನ್ನು ಹೊಡೆದು ಆರು ಮಾಡಿದೆ.