ಓಲ್ಸನ್ ಸಾಹೇಬರ ಕುಂಬಳಕಾಯಿ

ಎಲ್ಲಕ್ಕೂ ಮೂಲ ಇಂದಕ್ಕನ ಫೋನು. ಡೆಟ್ರಾಯಿಟ್ ಸುತ್ತಮುತ್ತಲ ಹತ್ತಾರು ಕನ್ನಡದ ಮನೆಗಳಿಗೆ ಡಾಕ್ಟರ್ ಬದರೀನಾಥರ ಹೆಂಡತಿ ಇಂದುಮತಿಯೇ ಪಂಚಾಂಗ. ಹಬ್ಬ ಯಾವ ವಾರ ಬರಲಿ, ಅದನ್ನು ಕಿವಿ ಹಿಡಿದು ಎಳೆತಂದು ಶನಿವಾರ ಕೂರಿಸುವ ಅಧಿಕಾರ ಆಕೆಗಿತ್ತು. ೧೯೭೦ರ ಅಕ್ಟೋಬರಿನ ಒಂದು ಶನಿವಾರ, ಬೆಳಿಗ್ಗೆ ಏಳಕ್ಕೇ ಹಯವದನನಿಗೆ ಆಜ್ಞೆ ಬಂತು.

“ಇವತ್ತು ಆಯುಧಪೂಜೆ ಕಣೋ. ಕಾರು ತಗೊಂಡು ತಿಂಗಳಾಯ್ತು, ಒಂದು ಕುಂಬಳಕಾಯಿ ಒಡೆದಿಲ್ಲ ನೀನು. ಅದಕ್ಕೇ ಅದು ಕಂಡಕಂಡ ಕಡೆ ನಿಲ್ಲೋದು. ನಿನ್ನ ಕೆಲಸ ನಿರ್ಧಾರ ಆಗೋದೂ ಇವತ್ತೇ ಅಲ್ವಾ?”

ಇವತ್ತೇ ಹೌದು. ಮೈಸೂರಿನ ಹಯವದನ ಎಂಜಿನಿಯರಿಂಗಿನ ಎರಡನೆಯ ಡಿಗ್ರಿ ಮುಗಿಸುವುದರಲ್ಲಿದ್ದ. ಮದುವೆಯಾಗಿ ಎಂಟು ತಿಂಗಳು. ಹೆಂಡತಿ ಅಂಬುಜಾ ಇನ್ನೂ ಮೈಸೂರಿನಲ್ಲೇ. ಕೆಲಸದ ಕಾಗದ ಕಣ್ಣಾರೆ ಕಾಣದೆ ಮಗಳನ್ನು ವಿಮಾನ ಹತ್ತಿಸುವುದಿಲ್ಲ ಎಂದು ಮಾವನವರು ಬರೆದಿದ್ದರು. ಆ ಕಾಗದ ಕೊಡಬಲ್ಲವರು ಒಬ್ಬರೇ: ಷಿಕಾಗೋ ಪಕ್ಕದ ಓಕ್ ಬ್ರೂಕಿನಲ್ಲಿ ಗಿಯರುಗಳ ಕಂಪನಿ ಇಟ್ಟಿದ್ದ ಓಲ್ಸನ್ ಸಾಹೇಬರು.

ಸಾಹೇಬರ ಪರಿಚಯವಾದದ್ದು ಅವನಿದ್ದ ಮನೆಯಿಂದ. ಅದು ಕಾಲೇಜಿನ ಒಂದು ಫ್ರಟರ್ನಿಟಿಯ ಮನೆ. ಮೂವತ್ತು ಹುಡುಗರು ಒಟ್ಟಿಗಿದ್ದು ಒಬ್ಬರನ್ನೊಬ್ಬರು ಅಣ್ಣತಮ್ಮ ಎಂದು ಕರೆದುಕೊಳ್ಳುತ್ತಿದ್ದರು. ಓದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಶ್ರದ್ಧೆಯಿಂದ ಮಾಡುತ್ತಿದ್ದರು. ಮಾರ್ಕ್ಸು ಪಾತಾಳ ಕಂಡಾಗ, ಅಲ್ಲಿಯ ಹಳೆಯ ವಿದ್ಯಾರ್ಥಿಗಳ ಸಂಘ ದೊಡ್ಡ ಕ್ಲಾಸಿನವನೊಬ್ಬನನ್ನು ಮನೆಯಲ್ಲಿಟ್ಟು ಪಾಠ ಹೇಳಿಸಲು ತೀರ್ಮಾನಿಸಿತು. ಹಾಗೆ ಹಯವದನನಿಗೆ ಅಟ್ಟದ ಕೋಣೆ ಸಿಕ್ಕಿತ್ತು. ಹೆಸರಿಗೆ ನಾಲಿಗೆ ಹೊರಳದೆ ಹುಡುಗರು ಅವನನ್ನು ‘ಹೈವೇ’ ಎಂದು ಕರೆಯುತ್ತಿದ್ದರು. ಆ ಸಂಘದ ಯಜಮಾನರೇ ಓಲ್ಸನ್ನರು. ತಮ್ಮ ಡಿಸೈನ್ ವಿಭಾಗದಲ್ಲಿ ಒಂದೇ ಒಂದು ಜಾಗ ಖಾಲಿಯಿದೆಯೆಂದೂ, ಹಳಬರೆಲ್ಲ ಸೇರುವ ಈ ಶನಿವಾರದ ಜಾತ್ರೆಗೆ ಬಂದಾಗ ಮಾತಾಡುವೆನೆಂದೂ ಬರೆದಿದ್ದರು.

ಹೀಗಿರುವಾಗ ದೇವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ಹಯವದನ ಮಿಂದು, ಪಂಚೆಯುಟ್ಟು, ಪಕ್ಕದ ಬೀದಿಯ ಶರಣಪ್ಪನನ್ನು ಕರೆದ. ಕಲಬುರ್ಗಿಯ ಶರಣಪ್ಪ ಇವನ ಸಹಪಾಠಿ. ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತರೆ ಊಟ ಮರೆಯುವವನು. ಕೆಲಸ ಹುಡುಕುವ ಯೋಚನೆಯೇ ಇಲ್ಲದವನು. ಕಾರಿನ ಹಣೆಗೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು ಎಲ್ಲ ಆಯಿತು. ಉಳಿದದ್ದು ಕುಂಬಳಕಾಯಿ. ಬೂದುಗುಂಬಳವೇ ಆಗಬೇಕೆಂದಿಲ್ಲ, ಸಿಹಿಗುಂಬಳವೂ ನಡೆಯುತ್ತದೆ ಎಂದು ಇಂದಕ್ಕ ಮೊದಲೇ ಅಪ್ಪಣೆ ಕೊಟ್ಟಿದ್ದಳು.

ಮನೆಯ ಜಗುಲಿಯಲ್ಲಿ ಹತ್ತು ಹನ್ನೆರಡು ಕಾಯಿಗಳು ಸಾಲಾಗಿ ಕೂತಿದ್ದವು. ಆದರೆ ಹುಡುಗರು ತಿಂಗಳ ಕೊನೆಯ ಹ್ಯಾಲೋವೀನ್ ಎಂಬ ಭೂತಗಳ ಹಬ್ಬಕ್ಕೆಂದು ಅವಕ್ಕೆಲ್ಲ ಕಣ್ಣು, ಮೂಗು, ಹಲ್ಲು ಕೊರೆದಿಟ್ಟಿದ್ದರು. ಭಿನ್ನವಾದದ್ದು ಪೂಜೆಗೆ ಬರುವುದಿಲ್ಲವಲ್ಲ. ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿದಂತೆ, ಒಂದೇ ಒಂದು ಇಡೀ ಕಾಯಿ ಇತ್ತು. ಒಂದು ಒಡೆದು, ಮಧ್ಯಾಹ್ನ ಇನ್ನೊಂದು ತಂದಿಟ್ಟರಾಯಿತು ಎಂದು ಹಯವದನ ಅವಸರದಲ್ಲಿ, ಆಚೆ ಬದಿ ನೋಡದೆ ಅದನ್ನೆತ್ತಿಕೊಂಡ. ನೆತ್ತಿಗೆ ತೂತು ಕೊರೆದು ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಮೂರು ಸುತ್ತು ನಿವಾಳಿಸಿ, ಅಂಬುಜಾಳನ್ನು ನೆನೆದು ರಸ್ತೆಗೆ ಅಪ್ಪಳಿಸಿದ. ಅವನ ಎರಡು ಕೈಯೂ ಕೆಂಪಾಗಿದ್ದರಿಂದ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದವನು ಶರಣಪ್ಪ.

ಚೂರು ಬಳಿಯಲು ಬಗ್ಗಿದ ಹಯವದನ ದೊಡ್ಡದೊಂದು ಹೋಳನ್ನು ಎತ್ತಿ ತಿರುಗಿಸಿದ. ಅದರ ಮೇಲೆ, ಆ ಮನೆಯ ಹೆಸರಾಗಿ ಬಾವುಟದಲ್ಲಿದ್ದ ಮೂರು ಗ್ರೀಕ್ ಅಕ್ಷರಗಳನ್ನು ಗೀರಲಾಗಿತ್ತು.

ಹುಡುಗರ ನಾಯಕ ಕೆನ್ನಿಯನ್ನು ಏನೂ ಅರಿಯದವನಂತೆ ವಿಚಾರಿಸಿದ. ಕೆನ್ನಿ ಭಕ್ತಿಯಿಂದ ವಿವರಿಸಿದ. ಓಲ್ಸನ್ನರು ಪ್ರತಿವರ್ಷ ತಮ್ಮ ಹಿತ್ತಿಲಲ್ಲಿ ಒಂದು ಕಾಯಿ ಬೆಳೆಯುತ್ತಾರೆ. ಮುಷ್ಟಿಗಾತ್ರದ ಮಿಡಿಯಿರುವಾಗಲೇ ಅಕ್ಷರ ಗೀರುತ್ತಾರೆ. ಕಾಯಿಯ ಜೊತೆ ಅಕ್ಷರವೂ ಬೆಳೆಯುತ್ತದೆ. ಮುನ್ನೂರು ಮೈಲಿ ಡ್ರೈವ್ ಮಾಡಿ ನಿನ್ನೆ ಸಂಜೆ ತಂದಿಟ್ಟು ಹೋಟೆಲಿಗೆ ಹೋಗಿದ್ದಾರೆ. ಮೂರು ಗಂಟೆಗೆ ಅವರೇ ಅದನ್ನು ತಿರುಗಿಸುವ ತನಕ ಯಾರೂ ಮುಟ್ಟುವಂತಿಲ್ಲ. ಹೋದ ವರ್ಷ ಮುಟ್ಟಿದವನನ್ನು ಮನೆಯಿಂದಲೇ ಹೊರಗೆ ಹಾಕಿದರು. “ಆ ಕಾಯಿ ಅಂದ್ರೆ ಈ ಮನೆ, ಹೈವೇ,” ಎಂದ ಕೆನ್ನಿ. ಹಯವದನನ ಕೈ ತಾನಾಗಿ ಹೆಗಲು ಒರೆಸಿಕೊಂಡಿತು.

“ಹೆದರಬ್ಯಾಡ, ನಾ ಅದೀನಿ,” ಎಂದ ಶರಣಪ್ಪ. “ಅಂಥಾದ್ದ ಇನ್ನೊಂದು ತರೂಣು, ನಾ ಗೀರಿ ಕೊಡ್ತೀನಿ.”

ಹದಿನಾಲ್ಕು ಮೈಲಿ ದೂರದ ರೈತನ ಅಂಗಡಿಗೆ ಹೊರಟರು. ಹೊಸದಾಗಿ ಪೂಜೆ ಮಾಡಿಸಿಕೊಂಡ ಕಾರು ಹಯವದನನ ಕೈಗೆ ಕೀಲಿಯ ನಾಲ್ಕನೆಯ ತಿರುವಿಗೆ ಸ್ಟಾರ್ಟಾಯಿತು. ದಾರಿಯಲ್ಲಿ ಎರಡು ಸಲ ನಿಂತಿತು. ಎರಡನೆಯ ಸಲ ಹಯವದನ ಹಿಂದಿನಿಂದ ತಳ್ಳುತ್ತ ಇಂದಕ್ಕನನ್ನು ಮನಸ್ಸಿನಲ್ಲೇ ಶಪಿಸಿದ. ಅಂತೂ ಅದೇ ಗಾತ್ರದ ಕಾಯಿಯೊಂದನ್ನು ಪಂಚೆಯಲ್ಲಿ ಸುತ್ತಿ, ಒಗೆಯುವ ಬಟ್ಟೆಯೆಂದು ಸುಳ್ಳು ಹೇಳಿ, ಹುಡುಗರ ನಡುವೆಯೇ ಅಟ್ಟಕ್ಕೆ ಸಾಗಿಸಿದರು. ಇಷ್ಟು ಭಾರದ ಬಟ್ಟೆಯನ್ನು ತಾನೇ ಮೆಷಿನ್ನಿಗೆ ಹಾಕಿಕೊಡುತ್ತೇನೆಂದು ಕೆನ್ನಿ ಬೆನ್ನು ಹತ್ತಿದ. ಇದು ಮಡಿ ಬಟ್ಟೆ, ಅನ್ಯರು ಮುಟ್ಟಬಾರದೆಂದು ಹೇಳಿ ಪಾರಾಗಬೇಕಾಯಿತು.

ಶರಣಪ್ಪ ಸ್ಕೇಲು, ಕಂಪಾಸು, ಬ್ಲೇಡು ಹಿಡಿದು ಕೂತ. ಹಳೆಯ ಹೋಳನ್ನು ನೋಡಿ, “ಇದೇನ್ ಅಕ್ಷರೋ ಮಾರಾಯಾ, ಕೋಳಿ ಕೆದರಿದಾಂಗ್ ಅದ,” ಎಂದು ಮೂಗು ಮುರಿದು, ಒಂದೊಂದು ಗೆರೆಯನ್ನೂ ಅಳೆದು ಗೀರಿದ. ಹಸಿ ಗಾಯ ಕಾಣದಂತೆ ಇನ್‌ಸ್ಟಂಟ್ ಕಾಫಿಪುಡಿ ಕಲಸಿ ತುಂಬಿ, ಹೀಟರಿನ ಪಕ್ಕ ಒಣಗಿಸಿದ. ಎರಡೂ ಮುಕ್ಕಾಲಿಗೆ ಕಾಯಿ ಮೂಲೆ ಸೇರಿತು.

ಮೂರಕ್ಕೆ ಅಂಗಳದ ತುಂಬ ಬೋಳುತಲೆಗಳು. ಎಪ್ಪತ್ತರ ಹತ್ತಿರದ ಓಲ್ಸನ್ ಸಾಹೇಬರು ಕಾಯಿಯನ್ನು ತಿರುಗಿಸಿದರು. ಎಲ್ಲರೂ ಹೋ ಎಂದು ಹಾಡತೊಡಗಿದರು. ಸಾಹೇಬರು ಮಾತ್ರ ಹಾಡಲಿಲ್ಲ. ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು, ಬೆರಳು ಮೂಸಿದರು, ತಲೆಯೆತ್ತಿ ಸುತ್ತ ನೋಡಿದರು. ಕಾಯಿಯ ಬದಿಯಲ್ಲಿ ಕೆಂಪು ಬೆರಳಚ್ಚಿತ್ತು, ಹಯವದನನ ಉಗುರುಗಳಲ್ಲಿ ಇನ್ನೂ ಕುಂಕುಮವಿತ್ತು. ಸಾಹೇಬರು ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು.

“ಇದು ನಾನು ತಂದ ಕಾಯಿ ಅಲ್ಲ. ಯಾರು ಗೀರಿದ್ದು ಇದನ್ನ?”

ಅಂಬುಜಾ ವಿಮಾನದ ಮೆಟ್ಟಿಲಿಳಿದು ಮನೆಗೆ ವಾಪಸು ಹೋಗುತ್ತಿರುವುದು ಹಯವದನನ ಕಣ್ಣಿಗೆ ಕಟ್ಟಿತು. ಆಮೇಲೆ ಜೀವಮಾನವೆಲ್ಲ ನಾಚಿಕೊಳ್ಳಬೇಕಾದ ಮಾತು ತಾನಾಗಿ ಹೊರಬಿತ್ತು.

“ಶರಣಪ್ಪ, ಸರ್. ಎಲ್ಲಾ ಅವನೇ. ನಾನು ಬೇಡ ಅಂದೆ.”

ಸಾಹೇಬರು ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದು ನಕ್ಕರು. ಅವರ ಹಿತ್ತಿಲ ಬಳ್ಳಿಯನ್ನು ಮೊಲಗಳು ಮುಗಿಸಿ ಹನ್ನೊಂದು ವರ್ಷವಾಗಿತ್ತಂತೆ. ಅಂದಿನಿಂದ ಪ್ರತಿವರ್ಷ ಅವರೂ ದಾರಿಬದಿಯಲ್ಲಿ ಒಂದು ಕಾಯಿ ಕೊಂಡು, ಗರಾಜಿನಲ್ಲಿ ಕದ್ದು ಕೂತು ಗೀರಿ, ಕಾಫಿಯನ್ನೇ ಬಳಿದು ತರುತ್ತಿದ್ದರಂತೆ.

“ಆದ್ರೆ ಇಷ್ಟು ಚೆಂದ ನನಗೆ ಒಂದು ವರ್ಷವೂ ಬರಲಿಲ್ಲ,” ಎಂದು ಕಣ್ಣೊರೆಸಿಕೊಂಡರು. “ಇಂಥ ಕೈ ಇರೋ ಡಿಸೈನರನ್ನ ಎರಡು ವರ್ಷದಿಂದ ಹುಡುಕ್ತಿದ್ದೀನಿ. ಆ ಜಾಗ ನಿನಗೇ ಕೊಡೋಣ ಅಂತ ಬಂದಿದ್ದೆ. ಒಳ್ಳೆ ಹುಡುಗ ನೀನು, ಸಮಯಕ್ಕೆ ನಿಜ ಹೇಳಿದೆ. ಎಲ್ಲಿ, ನಿನ್ನ ಸ್ನೇಹಿತನ್ನ ಕರಿ.”

ಕಾಯಿ ಒಡೆದು ಗೀರಿಸಿದವನು ತಾನೇ ಎಂದು ಹಯವದನ ಈಗ ತಡವರಿಸಿ ಹೇಳಿದ. ಅದನ್ನು ಸಾಹೇಬರು ಗೆಳೆಯನ ತಪ್ಪು ಮುಚ್ಚುವ ದೊಡ್ಡ ಗುಣವೆಂದು ಮೆಚ್ಚಿ ಬೆನ್ನು ತಟ್ಟಿದರು. ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದರು. ಹಯವದನನಿಗೆ ಒಂದು ಗಳಿಗೆ ಹೋದ ಜೀವ ಬಂದಂತಾಯಿತು. ಲಕೋಟೆಯಲ್ಲಿದ್ದದ್ದು ಕುಂಬಳದ ಬೀಜ. ಮುಂದಿನ ವರ್ಷದಿಂದ ಈ ಹೊಣೆ ಅವನದು, ಬೆಳೆದರೂ ಸರಿ, ಕೊಂಡರೂ ಸರಿ, ಬಾಯಿ ಬಿಡಬಾರದು. ಅಟ್ಟದ ಕೋಣೆ ಇನ್ನೊಂದು ವರ್ಷ ಅವನಿಗೇ ಇರುವಂತೆ ಸಂಘಕ್ಕೆ ಹೇಳುವುದಾಗಿ ಮಾತೂ ಕೊಟ್ಟರು.

ಸಂಜೆ ಇಂದಕ್ಕನ ಫೋನು ಬಂತು. “ಪೂಜೆ ಫಲ ಕೊಡ್ತೇನೋ?”

“ಕೊಡ್ತು ಇಂದಕ್ಕ. ಕೆಲಸ ಶರಣಪ್ಪನಿಗೆ ಆಯ್ತು.”

ಆಕೆ ವಿಚಾರಣೆಗಿಳಿದಳು. “ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದ್ದು ಯಾರು?”

ಹಯವದನ ಕಿಟಕಿಯಿಂದ ಬಗ್ಗಿ ನೋಡಿದ. ಕೆಳಗೆ ಶರಣಪ್ಪ ನಿಂತಿದ್ದ. ಸೋಮವಾರ ಓಕ್ ಬ್ರೂಕಿಗೆ ಹೋಗಿ ಬರಲು ಅವನಿಗೆ ಕಾರು ಬೇಕಿತ್ತು. ಕೀಲಿ ಆಗಲೇ ಇಸಿದುಕೊಂಡಿದ್ದ. ಹೇಗೆ ಓಡುತ್ತದೋ ನೋಡೋಣವೆಂದು ಒಳಗೆ ಕೂತು ಕೀಲಿ ತಿರುಗಿಸಿದ. ಕಾರು ಒಂದೇ ತಿರುವಿಗೆ ಸ್ಟಾರ್ಟಾಯಿತು.