ಕೆಂಪು ಕಾರಿಗೆ ಹಾಕಿದ ಬೀಗ

ಮುಷ್ಕರ ಹೂಡಿ ವರ್ಷಪೂರ್ತಿ ಕಲ್ಲಿದ್ದಲು ಗಣಿಯ ಗೇಟಿನ ಮುಂದೆ ನಿಂತು, ಕುದುರೆ ಪೊಲೀಸರ ಲಾಠಿಯನ್ನು ಬುರುಡೆಯಿಂದಲೇ ತಡೆದವನು ನಾನು. ಸರ್ಕಾರಕ್ಕೇ ಬೆವರಿಳಿಸಿದವನಿಗೆ ಒಂದು ಹಳೇ ಕಾರಿನ ಕೆಮ್ಮು ಯಾವ ಲೆಕ್ಕ! "ಯಾವ ಮೆಕ್ಯಾನಿಕ್ಕೂ ಬೇಡ, ನಾನೇ ರಿಪೇರಿ ಮಾಡ್ತೀನಿ," ಎಂದು ಅಡುಗೆಮನೆಯಲ್ಲಿ ಘೋಷಿಸಿದೆ. ಆಲೂಗಡ್ಡೆ ಹೆರೆಯುತ್ತಿದ್ದ ಹೆಂಡತಿ ಐರ್ವೆನ್ ತಲೆ ಎತ್ತಲಿಲ್ಲ. "ಮುಷ್ಕರ ಗೆಲ್ತೀವಿ ಅಂತಲೂ ಇದೇ ದನಿಯಲ್ಲಿ ಹೇಳಿದ್ದೆ," ಎಂದಳು.

ಕಾರೆಂದರೆ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ನಮ್ಮ ವೇಲ್ಸ್ ಕಣಿವೆಯ ಗಣಿಗೆ ಬೀಗ ಜಡಿದು, ನಮ್ಮ ಶ್ವಾಸಕೋಶಕ್ಕೆ ಬೆಲೆ ಕಟ್ಟಿ ಪರಿಹಾರ ಕೊಟ್ಟರಲ್ಲ, ಆ ದುಡ್ಡಿನಲ್ಲಿ ಕೊಂಡದ್ದು. ಆಗಲೇ ಅದು ಮುದಿ ಗಾಡಿ. ಈಗಂತೂ ನನ್ನಷ್ಟೇ ಕೆಮ್ಮುತ್ತದೆ.

ರೋಗದ ಲಕ್ಷಣ ಹೀಗೆ: ಊರೊಳಗೆ ಹುಲಿಯ ಹಾಗೆ ಓಡುತ್ತದೆ. ಗುಡ್ಡದ ರಸ್ತೆ ಹತ್ತಿ ಸ್ವಲ್ಪ ದೂರ ಹೋಗುತ್ತಲೇ ಎರಡು ಸಲ ಬಿಕ್ಕಳಿಸಿ ಸಾಯುತ್ತದೆ. ಅರ್ಧ ಗಂಟೆ ಬೈಯುತ್ತಾ ಕೂತರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಎದ್ದು ಓಡುತ್ತದೆ.

ಪೆಟ್ರೋಲ್ ಪಂಪಿನದೇ ತಪ್ಪು ಎಂದು ತೀರ್ಪು ಕೊಟ್ಟು ಹೊಸದನ್ನು ಹಾಕಿದೆ. ಸತ್ತಿತು. ಪೈಪು ಬದಲಿಸಿದೆ. ಸತ್ತಿತು. ಟ್ಯಾಂಕ್ ಬರಿದು ಮಾಡಿ ತುಕ್ಕು ತೊಳೆದೆ, ಫಿಲ್ಟರ್ ಹೊಸದು ಹಾಕಿದೆ. ಹೊಸ ಫಿಲ್ಟರ್ ಸಮೇತ ಸತ್ತಿತು! ಕೊನೆಗೆ ಕಾರ್ಬುರೇಟರ್‌ಗಳೆರಡನ್ನೂ ಬಿಚ್ಚಿ, ಐರ್ವೆನ್ ಕುರಿ ಸಾರು ಮಾಡುವ ದೊಡ್ಡ ಪಾತ್ರೆಯಲ್ಲಿ ಪೆಟ್ರೋಲ್ ಸುರಿದು ನೆನೆಹಾಕಿದೆ. ಭಾನುವಾರ ಸಾರು ಬಾಯಿಗಿಟ್ಟವಳು ಚಮಚ ಕೆಳಗಿಟ್ಟಳು. "ಬೆಂಕಿಕಡ್ಡಿ ಗೀರಬೇಡ, ಊಟ ಹೊತ್ಕೊಳ್ಳುತ್ತೆ."

ಇದಕ್ಕೂ ಮೊದಲು ಇನ್ನೊಂದು ಪೀಡೆಯಿತ್ತು. ಟ್ಯಾಂಕಿನ ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. ಕಳ್ಳ ಯಾರೆಂದು ಯೋಚಿಸುವ ಅಗತ್ಯವೇ ನನಗೆ ಬೀಳಲಿಲ್ಲ. ಪಕ್ಕದ ಮನೆಯಲ್ಲಿ ಕ್ಲೆಮ್ ಪ್ರಾಸರ್ ಇದ್ದನಲ್ಲ! ಮುಷ್ಕರದ ಕೊನೆಯ ತಿಂಗಳಲ್ಲಿ, ಕಿಟಕಿಗೆ ತಂತಿಬಲೆ ಬಡಿದ ಬಸ್ಸು ಹತ್ತಿ, ಸಂಘಕ್ಕೆ ಬೆನ್ನು ತೋರಿಸಿ ಕೆಲಸಕ್ಕೆ ಹೋದವನು. ಗಣಿ ಮುಚ್ಚಿದಾಗ ಅವನನ್ನೂ ನಮ್ಮನ್ನೂ ಒಂದೇ ಗೇಟಿನಿಂದ ಹೊರಗೆ ದಬ್ಬಿದರು. ಆದರೂ ಅಂದಿನಿಂದ ನಾನು ಅವನೊಡನೆ ಮಾತಾಡಿದವನಲ್ಲ. ಮಾತಿಗೆ ದ್ರೋಹ ಮಾಡಿದವನು ಪೆಟ್ರೋಲಿಗೆ ಮಾಡುವುದಿಲ್ಲವೇ? ಟ್ಯಾಂಕಿಗೆ ಬೀಗವಿರುವ ಹೊಸ ಮುಚ್ಚಳ ತಂದು ಬಿಗಿದೆ. ಕೀಲಿಯನ್ನು ಬೂಟಿನ ಲಾಡಿಗೆ ಕಟ್ಟಿ, ಯಾರೂ ಎಗರಿಸದಂತೆ ಕುತ್ತಿಗೆಯ ಸುತ್ತ ಗಂಟಿನ ಮೇಲೆ ಗಂಟು ಹಾಕಿಕೊಂಡೆ.

ಇಷ್ಟರಲ್ಲಿ ಇದ್ವಾಲ್ ತೀರಿಕೊಂಡ. ನಮ್ಮ ಸಂಘದ ಕಾರ್ಯದರ್ಶಿ, ಜೈಲಿನಲ್ಲಿ ನನ್ನ ಪಕ್ಕ ಮಲಗಿದವನು. ಕೊನೆಗಾಲದಲ್ಲಿ ನನ್ನ ಕೈ ಹಿಡಿದು, ತನ್ನ ಹೆಣದ ಮುಂದೆ ಆ ಕೆಂಪು ಕಾರು ಹೋಗಬೇಕು, ಹಿಂದೆ ಬಾವುಟ ಹಾರಬೇಕು ಎಂದಿದ್ದ. ಚಿತಾಗಾರವಿರುವುದು ಗುಡ್ಡದ ಆಚೆ. ಅಲ್ಲಿ ಒಬ್ಬೊಬ್ಬ ಸತ್ತವನಿಗೂ ಇಂತಿಷ್ಟು ಹೊತ್ತು. ತಡವಾದರೆ ಸರದಿ ಹೋಯಿತು, ಮುಂದಿನ ಹೆಣ ಬಾಗಿಲಲ್ಲಿ ಕಾದಿರುತ್ತದೆ.

ಶವಗಾಡಿಯವರ ಯಜಮಾನ ನಮ್ಮ ಕಾರನ್ನು ಅನುಮಾನದಿಂದ ನೋಡಿದ. ನಾನು ಬಾನೆಟ್ ತಟ್ಟಿ ಭರವಸೆ ಕೊಟ್ಟೆ. ಪಕ್ಕದಲ್ಲಿ ಐರ್ವೆನ್, ಹಿಂದೆ ಕೆಂಪು ಬಾವುಟ, ಅದರ ಹಿಂದೆ ಇದ್ವಾಲ್, ಅವನ ಹಿಂದೆ ಅಳಿದುಳಿದ ಇಡೀ ಸಂಘ. ಕ್ರಾಂತಿಯೇ ಗುಡ್ಡ ಹತ್ತುತ್ತಿದ್ದಂತಿತ್ತು!

ಗುಡ್ಡದ ನೆತ್ತಿಗೆ ಸ್ವಲ್ಪ ಮೊದಲು ಕ್ರಾಂತಿ ಎರಡು ಸಲ ಬಿಕ್ಕಳಿಸಿತು. ನಿಂತಿತು.

ಎರಡೂ ಕಡೆ ಕಲ್ಲಿನ ಗೋಡೆ. ಮುಂದೆ ಹೋಗಲು ಶವಗಾಡಿಗೂ ದಾರಿಯಿಲ್ಲ. ನಾನು ಪಂಪಿಗೆ ಸುತ್ತಿಗೆಯಿಂದ ಹೊಡೆದೆ, ಕಾರ್ಬುರೇಟರಿಗೆ ಬಾಯಿಟ್ಟು ಊದಿದೆ. ಯಜಮಾನ ಬಂದು ಗಡಿಯಾರ ತೋರಿಸಿದ. ಆಗ ಸಾಲಿನ ತುದಿಯಿಂದ ಒಬ್ಬ ಕುಂಟುತ್ತಾ ಬರುವುದು ಕಾಣಿಸಿತು. ಕರೆಯದೆಯೂ ತನ್ನ ವ್ಯಾನಿನಲ್ಲಿ ಹಿಂದೆ ಹಿಂದೆ ಬಂದಿದ್ದ, ಕ್ಲೆಮ್. ಅವನು ದಾಟಿ ಬರುವಾಗ ಸಂಘದವರೆಲ್ಲ ಗೋಡೆಯಾಚೆಯ ಕುರಿಗಳನ್ನು ನೋಡತೊಡಗಿದರು.

ಅವನು ನನ್ನ ಮುಖ ನೋಡದೆ ಹೇಳಿದ. "ಐರ್ವೆನ್, ಟ್ಯಾಂಕಿನ ಮುಚ್ಚಳ ತೆಗೀಬೇಕು ಅಂತ ನಿನ್ನ ಗಂಡನಿಗೆ ಹೇಳು."

"ನನ್ನ ಪೆಟ್ರೋಲಿನ ಮೇಲಿಂದ ಕಣ್ಣು ತೆಗೀಲಿ ಅಂತ ಅವನಿಗೆ ಹೇಳು."

"ಗಾಳಿಯಾಡೋಕೆ ಆ ಮುಚ್ಚಳದಲ್ಲಿ ತೂತಿಲ್ಲ ಅಂತ ಹೇಳು. ಪಂಪು ಹೀರಿ ಹೀರಿ ಟ್ಯಾಂಕಿನ ಉಸಿರು ಕಟ್ಟಿದೆ."

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದಳು ಐರ್ವೆನ್. "ಇದ್ವಾಲ್ ಕಾಯ್ತಿದಾನೆ. ತೆಗಿ ಕೀಲಿ."

ಟ್ಯಾಂಕ್ ತುಂಬಿಸುವಾಗಲೆಲ್ಲ ಬಿಚ್ಚುತ್ತಿದ್ದ ಗಂಟನ್ನು ಮೆರವಣಿಗೆಗೆಂದು ಇನ್ನಷ್ಟು ಬಿಗಿದಿದ್ದೆ. ತೆಗೆಯಲು ಹೋದರೆ ಲಾಡಿ ನನ್ನ ಗಲ್ಲ ದಾಟಲಿಲ್ಲ. ಗಂಟು ಬಿಚ್ಚಲಿಲ್ಲ. ಕೀಲಿ ಬೀಗಕ್ಕೆ ಎಟುಕಬೇಕಾದರೆ ಕುತ್ತಿಗೆಯೂ ಜೊತೆಗೆ ಹೋಗಬೇಕು! ರಸ್ತೆಯ ಕೆಸರಿನಲ್ಲಿ ಮಂಡಿಯೂರಿ ಕಾರಿನ ಬೆನ್ನಿಗೆ ಕೆನ್ನೆ ಒತ್ತಿದೆ. ಆ ಭಂಗಿಯಲ್ಲಿ ನನಗೆ ಬೀಗ ಕಾಣುವಂತಿರಲಿಲ್ಲ. ಯಾರ ಭಯಕ್ಕೆ ಬೀಗ ಹಾಕಿದ್ದೆನೋ ಅವನೇ ನನ್ನ ಗಂಟಲಿನ ಕೆಳಗೆ ಕೈ ಹಾಕಿ ಕೀಲಿ ತಿರುಗಿಸಿದ. ಇಡೀ ಸಂಘ ಕುರಿಗಳನ್ನು ಮರೆತು ನೋಡುತ್ತಿತ್ತು.

ಟ್ಯಾಂಕು ಸುಯ್ಯೆಂದು ಉಸಿರೆಳೆದುಕೊಂಡಿತು. ಐರ್ವೆನ್ ಕೀ ತಿರುಗಿಸಿದಳು. ಪಂಪು ಟಿಕಟಿಕ ಎಂದಿತು, ಇಂಜಿನ್ ಗುಡುಗಿತು.

ಮುಚ್ಚಳ ಮಾತ್ರ ಕೀಲಿಯನ್ನು ಕಚ್ಚಿಕೊಂಡು ಬಿಡಲಿಲ್ಲ. ಎಳೆದಾಡಲು ಹೊತ್ತಿಲ್ಲ. ಕ್ಲೆಮ್ ತನ್ನ ಕರ್ಚೀಫನ್ನು ಟ್ಯಾಂಕಿನ ಬಾಯಿಗೆ ಸಡಿಲವಾಗಿ ಮುಚ್ಚಿ, ಹಿಂದಿರುಗಿ ನಡೆದ. ನಾನು ಕರೆಯಲಿಲ್ಲ. ಕನ್ನಡಿಯಲ್ಲಿ ಅವನ ವ್ಯಾನು ಹಿಮ್ಮುಖವಾಗಿಯೇ ಗುಡ್ಡ ಇಳಿಯುವುದು ಕಾಣಿಸಿತು.

ಇದ್ವಾಲ್‌ನ ಸರದಿ ಉಳಿಯಿತು. ಪೆಟ್ರೋಲ್ ಮುಚ್ಚಳವನ್ನು ಪದಕದಂತೆ ಎದೆಯ ಮೇಲೆ ನೇತಾಡಿಸಿಕೊಂಡು ನಾನು ಭಾಷಣಕ್ಕೆ ನಿಂತೆ. "ನಾವು ಯಾವತ್ತೂ ಯಾರ ಮುಂದೆಯೂ ಮಂಡಿಯೂರಿದವರಲ್ಲ," ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಗಣಿ ಧೂಳಿನ ಕೆಮ್ಮಲ್ಲ. ನನ್ನ ಮಂಡಿಯ ಕೆಸರು ಇನ್ನೂ ಒಣಗಿರಲಿಲ್ಲ.

ಮನೆಗೆ ಮರಳುವಾಗ ಐರ್ವೆನ್ ಬಾಯಿಬಿಟ್ಟಳು. ಪೆಟ್ರೋಲ್ ಕದ್ದವರು ಯಾರೂ ಇಲ್ಲವಂತೆ. ನಾನು ಸಂಘದ ಸಭೆಗೆ ಹೋದಾಗಲೆಲ್ಲ ಅವಳು ಕಾರು ತೆಗೆದುಕೊಂಡು ಗುಡ್ಡದಾಚೆ ಬಿಂಗೋ ಜೂಜು ಆಡಲು ಹೋಗುತ್ತಿದ್ದಳಂತೆ. ಬೀಗ ಹಾಕಿದ ವಾರವೇ ಕಾರು ಅವಳ ಕೈಲೂ ಸತ್ತಿತಂತೆ. ಆ ದಾರಿಯಲ್ಲಿ ಬಂದ ಕ್ಲೆಮ್, ಮುಚ್ಚಳದ ವಿಷಯ ಅವತ್ತೇ ಹೇಳಿದ್ದನಂತೆ.

ಪಂಪು, ಪೈಪು, ಫಿಲ್ಟರ್, ಸಾರಿನ ಪಾತ್ರೆ ಎಲ್ಲವೂ ನನ್ನ ಕಣ್ಣ ಮುಂದೆ ಮೆರವಣಿಗೆ ಹೊರಟವು. "ಅಲ್ಲ ಕಣೇ, ಅವತ್ತೇ ನನಗೆ ಹೇಳೋಕೇನಾಗಿತ್ತು?"

"ಯಾರು ಹೇಳಿದ್ದು ಅಂತ ನೀನು ಕೇಳ್ತಿದ್ದೆ," ಎಂದಳು. "ಕ್ಲೆಮ್ ಅಂದಿದ್ರೆ, ಅದರ ಮೇಲೆ ಇನ್ನೊಂದು ಬೀಗ ಹಾಕ್ತಿದ್ದೆ."