ಕಾಕಾ ಕಳೆದುಕೊಂಡದ್ದೇನು?

ಗುಜರಾತಿನ ಪಾವಾಗಢ ಬೆಟ್ಟವನ್ನು ವರ್ಷಗಟ್ಟಲೆ ಹತ್ತಿಯೂ ದೇವಿಯ ಮುಖ ನೋಡದೆ ಇಳಿದುಬಂದ ಪುಣ್ಯಾತ್ಮರು ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ. ನಾಸ್ತಿಕರೆಂದು ತಿಳಿಯಬೇಡಿ! ದೇವಿ ಇರುವುದು ತುದಿಯಲ್ಲಿ. ಕೊಳ ಸಿಗುವುದು ಅದಕ್ಕಿಂತ ಮೊದಲು. ತಪ್ಪು ಯಾರದು?

ಅರವತ್ತರ ದಶಕ. ವಿಮಾ ಕಚೇರಿಯ ವರ್ಗಾವಣೆ ಅವರನ್ನು ಮೈಸೂರಿನಿಂದ ಬರೋಡಕ್ಕೆ ತಂದು ಹಾಕಿತ್ತು. ಕೆಲಸ ಹುಡುಕಿಕೊಂಡು ಹೋದ ನಾನು ಫತೇಗಂಜಿನ ಅವರ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಹಬ್ಬ ಬಂದರೆ ಚಿಕ್ಕಪ್ಪ, "ಆ ಹಸಿರು ಸೀರೆ ಉಟ್ಟುಕೊಳ್ಳೇ" ಎನ್ನುವರು. ಚಿಕ್ಕಮ್ಮ ಧಾರೆಯ ಕೆಂಪು ಸೀರೆ ಉಟ್ಟು ಬರುವರು. ಇವರು "ಭೇಷ್" ಎನ್ನುವರು! ಮಾತು ಕೇಳದ ಹೆಂಡತಿ, ಅದನ್ನು ಗಮನಿಸದ ಗಂಡ. ಸುಖಸಂಸಾರದ ಗುಟ್ಟು ಇದೇ ಇರಬೇಕೆಂದು ಬ್ರಹ್ಮಚಾರಿಯಾದ ನಾನು ತೀರ್ಮಾನಿಸಿದ್ದೆ.

ಭಾನುವಾರ ಮೊದಲ ಬಸ್ಸಿಗೆ ಚಿಕ್ಕಪ್ಪ, ಬುತ್ತಿಯೊಡನೆ ಚಿಕ್ಕಮ್ಮ, ಬುತ್ತಿಯ ಹಿಂದೆ ನಾನು. ಬೆಟ್ಟದ ಕೊಳದಲ್ಲಿದ್ದದ್ದು ಏರೋಪ್ಲೇನ್ ಚಿಟ್ಟೆಯ ಬಡ ದಾಯಾದಿ: ಅರ್ಧ ಬೆಂಕಿಕಡ್ಡಿಯಷ್ಟು ಉದ್ದ, ಕೂತಾಗ ರೆಕ್ಕೆಯನ್ನು ಬೆನ್ನ ಮೇಲೆ ಮಡಚಿಡುವ ಸಂಕೋಚದ ಪ್ರಾಣಿ. ಅದರ ಹೆಣ್ಣು ಹರೆಯದಲ್ಲಿ ಕೆಂಪಗಿದ್ದು ಬಲಿತಂತೆ ಹಸಿರಾಗುತ್ತದೆಂದು ಚಿಕ್ಕಪ್ಪನ ದಪ್ಪ ಪುಸ್ತಕ ಹೇಳುತ್ತಿತ್ತು. ಆ ಕೆಂಪನ್ನೊಮ್ಮೆ ಕಣ್ಣಾರೆ ಕಾಣಬೇಕು, ಅವರಿಗೆ ಮತ್ತೇನೂ ಬೇಡ. ಕಂಡದ್ದೆಲ್ಲ ಹಸಿರೇ! ಪುಸ್ತಕ ಬರೆದವನ ಕಣ್ಣೇ ಸರಿಯಿಲ್ಲವೆಂದು ಬಯ್ಯುತ್ತಿದ್ದರು.

ಹುಲ್ಲಿನಲ್ಲಿ ಬೋರಲು ಬಿದ್ದಿದ್ದ ಅವರನ್ನು ಕಂಡು ಯಾತ್ರಿಕರು, "ಕಾಕಾ, ಶುಂ ಖೋವಾಯುಂ?" ಎಂದು ಕೇಳುವರು, ಏನು ಕಳೆದುಹೋಯಿತು ಎಂದು. ಚಿಕ್ಕಪ್ಪ ಸದ್ದು ಮಾಡಬೇಡಿರೆಂದು ಕೈ ಆಡಿಸುವರು. ಪಾಪ, ದುಃಖಕ್ಕೆ ಮಾತು ಹೊರಡುತ್ತಿಲ್ಲವೆಂದು ಅವರೂ ಹುಡುಕತೊಡಗುವರು! ಒಮ್ಮೆ ಒಬ್ಬ ಅಜ್ಜಿ ಪ್ರಸಾದ ಕೊಟ್ಟು ಸಮಾಧಾನ ಹೇಳಿ ಹೋದಳು. ಪ್ರಸಾದ ನಾನು ತಿಂದೆ.

ಒಂದು ಭಾನುವಾರ ಬಿಸಿಲು ಹೆಚ್ಚಾಯಿತು. ಯಾವಾಗಲೂ ದೂರದ ನೆರಳಲ್ಲಿ ಕೂರುತ್ತಿದ್ದ ಚಿಕ್ಕಮ್ಮ ಬಂದು ಗಂಡನಿಗೆ ಕೊಡೆ ಹಿಡಿದು ಬಗ್ಗಿದರು.

"ರೀ, ಕುಂಕುಮದ ಬಣ್ಣದ್ದು ಅಲ್ಲೇ ಕೂತಿದೆಯಲ್ಲ, ನಿಮ್ಮ ಮೂಗಿನ ಮುಂದೆ."

"ಇದು ಹಸಿರು ಕಣೇ."

"ಅದರ ಪಕ್ಕದ್ದು ಹಸಿರು."

"ಎರಡೂ ಒಂದೇ ಬಣ್ಣ ಅಲ್ಲವೇನೇ?"

ಚಿಕ್ಕಮ್ಮ ಕೊಡೆಯನ್ನು ಇನ್ನಷ್ಟು ಅವರ ಕಡೆಗೆ ವಾಲಿಸಿದರು.

ವಾಪಸು ಬಸ್ಸು ಹಾಲೋಲ್ ಊರನ್ನು ದಾಟಿತು. ಚಿಕ್ಕಪ್ಪ ಮೆಲ್ಲಗೆ, "ನಿನ್ನ ಆ ಹಸಿರು ಸೀರೆ..." ಎಂದರು.

"ಕೆಂಪು."

"ಇಷ್ಟು ವರ್ಷ ಹೇಳಬಾರದಾಗಿತ್ತೇ?"

"ನೋಡಿದಾಗಲೆಲ್ಲ ನಿಮ್ಮ ಮುಖ ಅರಳ್ತಿತ್ತು. ಬಣ್ಣ ಕಟ್ಕೊಂಡು ನನಗೇನಾಗಬೇಕು?"

ಮುಂದಿನ ಭಾನುವಾರ ಕೊಳದ ದಂಡೆಯಲ್ಲಿ ಇಬ್ಬರೂ ಬೋರಲು ಬಿದ್ದಿದ್ದರು! ಚಿಕ್ಕಮ್ಮ ಬೆರಳು ತೋರಿಸಿ ಪಿಸುಗುಟ್ಟುತ್ತಿದ್ದರು: ಇದು ಕೆಂಪು, ಇದು ಹಸಿರು, ಇದು ಈಗಿನ್ನೂ ಹಸಿರಿಗೆ ತಿರುಗುತ್ತಿದೆ.

ದಾರಿಹೋಕನೊಬ್ಬ ನಿಂತು, ಏನು ಕಳೆದುಹೋಯಿತು ಕಾಕಾ ಎಂದು ಕೇಳಿದ.

"ಮಳೀ ಗಯುಂ," ಎಂದರು ಚಿಕ್ಕಪ್ಪ. ಸಿಕ್ಕಿತು.

ಏನು ಸಿಕ್ಕಿತೆಂದು ಅವನು ಬಗ್ಗಿ ನೀರಿನಲ್ಲಿ ಹುಡುಕಿದ. ಚಿಕ್ಕಪ್ಪ ನೀರಿನ ಕಡೆ ನೋಡುತ್ತಿರಲಿಲ್ಲ.